ದೆವ್ವದ ಮುಖ ಯಾವಾಗ ಕಾಣಬೇಕು?

ಹಾರರ್ ಕಾದಂಬರಿಯೊಂದು ಸಿನಿಮಾ ಆಗುತ್ತಿದೆ ಎಂಬ ಸುದ್ದಿ ಬಂದ ಕೂಡಲೇ ಓದುಗರ ಮೊದಲ ಪ್ರಶ್ನೆ ‘ಹೀರೋ ಯಾರಂತೆ?’ ಎರಡನೆಯದು ‘ಕಥೆ ಕೆಡಿಸ್ತಾರಾ?’ ಮೈಸೂರು ಸರಸ್ವತಿಪುರಂನ ಹೋಟೆಲ್ ಟೇಬಲ್ಲಾಗಲಿ, ಮಂಡ್ಯದ ಟೀ ಅಂಗಡಿಯಾಗಲಿ, ಮಾತು ಹೊರಡುವುದೇ ಇಲ್ಲಿಂದ. ಎರಡೂ ಅಷ್ಟಾಗಿ ಕೆಲಸಕ್ಕೆ ಬಾರದ ಪ್ರಶ್ನೆಗಳು. ಕಥೆಯ ಒಂದೆಳೆಯನ್ನೂ ಬಿಡದೆ ಉಳಿಸಿಕೊಂಡು ಭಯವನ್ನು ಮಾತ್ರ ಕಳೆದುಕೊಂಡ ಚಿತ್ರಗಳಿವೆ. ಅರ್ಧಕ್ಕರ್ಧ ಬದಲಿಸಿಯೂ ಪುಸ್ತಕಕ್ಕಿಂತ ಜಾಸ್ತಿ ನಡುಗಿಸಿದವೂ ಇವೆ. ವಿಚಾರಿಸಬೇಕಾದ್ದು ಇಷ್ಟು: ಪುಸ್ತಕ ನಮ್ಮಿಂದ ಏನನ್ನು ಮುಚ್ಚಿಟ್ಟಿತ್ತು, ಎಲ್ಲಿಯವರೆಗೆ ಮುಚ್ಚಿಟ್ಟಿತ್ತು, ಸಿನಿಮಾ ಅದನ್ನು ಯಾವಾಗ ಬಿಚ್ಚುತ್ತದೆ?

ಸ್ಟೀಫನ್ ಕಿಂಗ್ ಬರೆದ ‘ದಿ ಶೈನಿಂಗ್’ (1977) ಇದಕ್ಕೆ ಒಳ್ಳೆಯ ಪಾಠ. ಚಳಿಗಾಲಕ್ಕೆ ಮುಚ್ಚಿದ ಹೋಟೆಲೊಂದನ್ನು ಕಾಯಲು ಹೋದ ಕುಟುಂಬದ ಕಥೆ ಅದು. ಸ್ಟ್ಯಾನ್ಲಿ ಕುಬ್ರಿಕ್ 1980ರಲ್ಲಿ ಅದನ್ನು ಚಿತ್ರ ಮಾಡುವಾಗ ಕೈಹಾಕದ ಜಾಗವೇ ಇಲ್ಲ. ಪುಸ್ತಕದಲ್ಲಿ ಪ್ರಾಣಿಗಳ ಆಕಾರಕ್ಕೆ ಕತ್ತರಿಸಿದ ಗಿಡಗಳು ಜೀವ ತಳೆದು ಬರುತ್ತವೆ. ಚಿತ್ರದಲ್ಲಿ ಅವುಗಳ ಬದಲು ಗಿಡಗಳ ಚಕ್ರವ್ಯೂಹ. ಪುಸ್ತಕದ ಕೊನೆಗೆ ಬಾಯ್ಲರ್ ಸಿಡಿದು ಹೋಟೆಲೇ ಹೊತ್ತಿ ಉರಿಯುತ್ತದೆ. ಚಿತ್ರ ಹಿಮದಲ್ಲಿ ಹೆಪ್ಪುಗಟ್ಟಿ ಮುಗಿಯುತ್ತದೆ. ಪುಸ್ತಕದ ದೆವ್ವದ ಕೋಣೆ 217 ಚಿತ್ರದಲ್ಲಿ 237 ಆಯಿತು, ಅದೂ ಹೊರಾಂಗಣ ಚಿತ್ರೀಕರಣಕ್ಕೆ ಜಾಗ ಕೊಟ್ಟ ಹೋಟೆಲಿನವರು ‘ನಮ್ಮಲ್ಲಿ 217 ಇದೆ, ಆಮೇಲೆ ಅಲ್ಲಿ ಯಾರೂ ಮಲಗಲ್ಲ’ ಎಂದು ಕೇಳಿಕೊಂಡದ್ದಕ್ಕೆ. ಕಿಂಗ್‌ಗೆ ಚಿತ್ರ ಹಿಡಿಸಲಿಲ್ಲ. 1997ರಲ್ಲಿ ತಾವೇ ಚಿತ್ರಕಥೆ ಬರೆದು ಮೂರು ರಾತ್ರಿಯ ಟೀವಿ ಸರಣಿಯಾಗಿ ಮತ್ತೆ ಮಾಡಿಸಿದರು. ಗಿಡದ ಪ್ರಾಣಿಗಳು ವಾಪಸ್ ಬಂದವು, ಬಾಯ್ಲರೂ ಸಿಡಿಯಿತು. ಇವತ್ತು ಹಾರರ್ ಎಂದ ಕೂಡಲೇ ಜನಕ್ಕೆ ನೆನಪಾಗುವುದು ಮಾತ್ರ 1980ರದ್ದು. ಗಿಡದ ಸಿಂಹ ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ನಡೆದುಬಂದರೆ ಅದು ಗ್ರಾಫಿಕ್ಸ್ ಅಷ್ಟೇ. ಪುಸ್ತಕದಲ್ಲಿ ಅದು ಹೆದರಿಸುವುದು ನಡೆಯುವುದನ್ನು ನಾವು ನೋಡದೇ ಇರುವುದರಿಂದ: ಕಣ್ಣು ಆಚೆ ಹೋದಾಗ ಕದಲುತ್ತದೆ, ತಿರುಗಿ ನೋಡಿದರೆ ನಿಂತಿರುತ್ತದೆ.

ಹಾಗಂತ ಕಿಂಗ್ ತಕರಾರಿನಲ್ಲಿ ಹುರುಳಿಲ್ಲ ಎಂದಲ್ಲ. ಕಾದಂಬರಿಯಲ್ಲಿ ಒಳ್ಳೆಯ ಅಪ್ಪನೊಬ್ಬ ಅಂಗುಲ ಅಂಗುಲವಾಗಿ ಕೆಡುತ್ತಾನೆ. ಚಿತ್ರದ ಅಪ್ಪ ಮೊದಲ ದೃಶ್ಯದಲ್ಲೇ ಅರ್ಧ ಕೆಟ್ಟವನಂತೆ ಕಾಣುತ್ತಾನೆ. ಪುಸ್ತಕ ಮುಚ್ಚಿಟ್ಟದ್ದನ್ನು ಅಲ್ಲಿ ನಟನ ಹುಬ್ಬೇ ಬಿಟ್ಟುಕೊಟ್ಟಿತು. ಅಭಿಮಾನಿಗಳು ನಟರ ಆಯ್ಕೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾದ್ದು ಈ ಕಾರಣಕ್ಕೆ, ಮಾರ್ಕೆಟ್‌ಗಾಗಿ ಅಲ್ಲ. ಯಾವಾಗಲೂ ಖಳನ ಪಾತ್ರ ಮಾಡುವವರನ್ನು ‘ಒಳ್ಳೆಯ ಮಾವ’ನಾಗಿ ಹಾಕಿದರೆ ಗಾಂಧಿನಗರದ ಪೋಸ್ಟರ್ ನೋಡಿದವನಿಗೂ ಕ್ಲೈಮ್ಯಾಕ್ಸ್ ಗೊತ್ತಾಗಿಬಿಡುತ್ತದೆ.

ಇದರ ಇನ್ನೊಂದು ಬದಿಗೆ ಜಪಾನಿನ ‘ರಿಂಗ್’. ಕೋಜಿ ಸುಝುಕಿಯ ಕಾದಂಬರಿ 1991ರದ್ದು, ಹಿದೆಯೋ ನಕಾತಾ ನಿರ್ದೇಶಿಸಿದ ಚಿತ್ರ 1998ರದ್ದು. ಟೀವಿಯ ಪರದೆಯೊಳಗಿಂದ ಕೂದಲು ಇಳಿಬಿಟ್ಟುಕೊಂಡು ತೆವಳಿ ಹೊರಗೆ ಬರುವ ಹುಡುಗಿ ಇದ್ದಾಳಲ್ಲ, ಆ ದೃಶ್ಯ ಪುಸ್ತಕದಲ್ಲಿಲ್ಲ. ಚಿತ್ರದವರ ಸ್ವಂತ ಹುಟ್ಟುವಳಿ. ನಟಿಯನ್ನು ಹಿಂದಕ್ಕೆ ನಡೆಸಿ ಚಿತ್ರೀಕರಿಸಿ, ಅದನ್ನು ತಿರುಗಾಮುರುಗಾ ಓಡಿಸಿದ್ದರಿಂದ ಆ ನಡಿಗೆಗೆ ಕೀಲು ತಪ್ಪಿದ ಗತಿ ಬಂತು. ಚಿತ್ರ ಆಕೆಯನ್ನು ಕೊನೆಯವರೆಗೂ ಕಾದಿಟ್ಟಿತು, ಆಗಲೂ ಮುಖ ತೋರಿಸಲಿಲ್ಲ, ಒಂದು ಕಣ್ಣು ತೋರಿಸಿತು. ಅಷ್ಟಕ್ಕೇ ನಿಲ್ಲಿಸಿದ್ದು ಜಾಣತನ.

ಶರ್ಲಿ ಜಾಕ್ಸನ್ ಬರೆದ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ (1959) ಎರಡು ಸಲ ಚಿತ್ರವಾಯಿತು. 1963ರದು ಕಪ್ಪುಬಿಳುಪು. ದೆವ್ವ ಎಲ್ಲೂ ಇಲ್ಲ, ಗೋಡೆಯಾಚೆ ಗುದ್ದುವ ಸದ್ದು ಇದೆ, ಉಸಿರು ತೆಗೆದುಕೊಂಡಂತೆ ಒಳಕ್ಕೆ ಉಬ್ಬುವ ಬಾಗಿಲು ಇದೆ. ತೆಳು ಪದರದ ಮರದಲ್ಲಿ ಬಾಗಿಲು ಮಾಡಿ ಹಿಂದಿನಿಂದ ತಳ್ಳಿದ್ದು, ಅಷ್ಟೇ ಖರ್ಚು. 1999ರದ್ದರಲ್ಲಿ ದುಡ್ಡಿತ್ತು, ಗ್ರಾಫಿಕ್ಸ್ ಇತ್ತು, ಮನೆಯ ಕೆತ್ತನೆಗಳೆಲ್ಲ ಕಣ್ಣು ಬಿಟ್ಟು ಕುಣಿದವು. ಭಯ ಮಾತ್ರ ಬರಲಿಲ್ಲ.

ಪುಸ್ತಕವೊಂದು ಸಿನಿಮಾಕ್ಕೆ ಒಗ್ಗುತ್ತದೋ ಇಲ್ಲವೋ ತಿಳಿಯಲು ಪೆನ್ಸಿಲ್ ಸಾಕು. ಕಾದಂಬರಿಯಲ್ಲಿ ನಿಜವಾಗಿ ಹೆದರಿಸಿದ ನಾಲ್ಕೈದು ಪ್ರಸಂಗ ಆರಿಸಿ. ಪ್ರತಿ ಪ್ಯಾರಾದ ಪಕ್ಕದಲ್ಲಿ ಒಂದಕ್ಷರ ಹಾಕುತ್ತ ಹೋಗಿ: ಕಣ್ಣಿಗೆ ಕಾಣುವಂಥದ್ದಕ್ಕೆ ‘ನೋ’, ಕೇಳುವಂಥದ್ದಕ್ಕೆ ‘ಕೇ’, ಪಾತ್ರದ ತಲೆಯೊಳಗೆ ನಡೆಯುವುದಕ್ಕೆ ‘ಒ’. ‘ಕೇ’ ಜಾಸ್ತಿ ಇದ್ದರೆ ನೆಮ್ಮದಿಯಿಂದಿರಿ, ಆ ಪುಸ್ತಕ ಥಿಯೇಟರಿಗೆಂದೇ ಹುಟ್ಟಿದ್ದು. ‘ನೋ’ ಜಾಸ್ತಿ ಇದ್ದರೆ ಬಜೆಟ್ ಮೇಲೆ ನಿಂತಿದೆ. ‘ಒ’ ಜಾಸ್ತಿ ಇದ್ದರೆ ಚಿತ್ರಕಥೆಗಾರ ಹೊಸದಾಗಿ ಕಲ್ಪಿಸಲೇಬೇಕು. ಕಲ್ಪಿಸಲು ಬಾರದವರು ಎರಡು ಸುಲಭದ ದಾರಿ ಹಿಡಿಯುತ್ತಾರೆ. ಒಂದು, ಹಿನ್ನೆಲೆ ದನಿಯಲ್ಲಿ ಪುಸ್ತಕದ ಸಾಲು ಓದಿಸುವುದು. ಇನ್ನೊಂದು, ‘ನಂಗ್ಯಾಕೋ ಭಯ ಆಗ್ತಿದೆ’ ಎಂದು ಹೇಳಿಸಲೆಂದೇ ಒಬ್ಬ ಗೆಳೆಯನನ್ನು ಪಕ್ಕದಲ್ಲಿ ಕೂರಿಸುವುದು. ಆ ಗೆಳೆಯ ನಮ್ಮಲ್ಲಿ ಬಹುತೇಕ ಕಾಮಿಡಿ ನಟನೇ ಆಗಿರುತ್ತಾನೆ.

‘ಕೇ’ಗೆ ನಮ್ಮ ಸೀಮೆಯಲ್ಲೇ ಮಾದರಿ ಇದೆ. ಮೈಸೂರಿನ ಕಡೆಯವರೇ ಆದ ಆಲನಹಳ್ಳಿ ಕೃಷ್ಣರ ‘ಕಾಡು’ ಹಾರರ್ ಅಲ್ಲ. ಆದರೆ ಅದರಲ್ಲೊಂದು ನಂಬಿಕೆ ಬರುತ್ತದೆ: ಕಾಡಿನಲ್ಲೊಂದು ಹಕ್ಕಿ ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟವರು ಉಳಿಯುವುದಿಲ್ಲ. ಇಡೀ ಊರಿನ ದೊಡ್ಡವರ ಹಿಂಸೆಯನ್ನು ಕಿಟ್ಟಿ ಎಂಬ ಹುಡುಗನ ಕಣ್ಣಲ್ಲಿ ತೋರಿಸುವ ಕಥೆಗೆ ಆ ಹಕ್ಕಿಯೇ ಬೆನ್ನೆಲುಬು. ಗಿರೀಶ್ ಕಾರ್ನಾಡ್ 1973ರಲ್ಲಿ ಅದನ್ನು ಚಿತ್ರ ಮಾಡಿದರು. ಹಾರರ್ ಕಾದಂಬರಿ ಕೈಗೆತ್ತಿಕೊಳ್ಳುವ ಯಾವ ಕನ್ನಡ ನಿರ್ದೇಶಕನಿಗಾದರೂ ಮೊದಲು ಇದನ್ನು ಓದಿ, ನೋಡಿ ಬನ್ನಿ ಎನ್ನಬೇಕು. ಮಗುವಿಗೆ ಅರ್ಧ ಅರ್ಥವಾಗುವುದೇ ಭಯ. ಪೂರ್ತಿ ಅರ್ಥವಾದರೆ ಅದು ಬರೀ ಸುದ್ದಿ.

ಇನ್ನು ಉದ್ದದ ಲೆಕ್ಕ. ಚಿತ್ರಕಥೆಯ ಒಂದು ಪುಟ ತೆರೆಯ ಮೇಲೆ ಹೆಚ್ಚುಕಡಿಮೆ ಒಂದು ನಿಮಿಷ. ಎರಡೂಕಾಲು ಗಂಟೆಯ ಚಿತ್ರವೆಂದರೆ 135 ಪುಟ, ಪುಟಕ್ಕೆ 150 ಪದ ಹಿಡಿದರೂ ಇಪ್ಪತ್ತು ಸಾವಿರ ಪದ. 350 ಪುಟದ ಕಾದಂಬರಿಯಲ್ಲಿ ಎಪ್ಪತ್ತು ಸಾವಿರದ ಮೇಲಿರುತ್ತದೆ. ನಾಲ್ಕರಲ್ಲಿ ಮೂರು ಪಾಲು ಹೋಗಲೇಬೇಕು, ಅದಕ್ಕೆ ಅಳುವುದು ದಂಡ. ಯಾವ ಮೂರು ಪಾಲು ಎನ್ನುವುದರಲ್ಲಿ ಎಡವಟ್ಟಾಗುತ್ತದೆ. ಸಾಮಾನ್ಯವಾಗಿ ಕತ್ತರಿಗೆ ಸಿಗುವುದು ಏನೂ ನಡೆಯದ ಅಧ್ಯಾಯಗಳು: ಮನೆ ಬದಲಿಸಿದ್ದು, ಹಾಲಿನವನು ಬಂದದ್ದು, ಅತ್ತೆ ಮಧ್ಯಾಹ್ನ ಮಲಗಿದ್ದು. ಹಾರರ್‌ನಲ್ಲಿ ಅವೇ ಬಂಡವಾಳ. ದಿನಾ ಆರೂವರೆಗೆ ಬರುವ ಹಾಲಿನವನನ್ನು ಮೂರು ಸಲ ತೋರಿಸಿದ್ದರೆ ತಾನೇ ನಾಲ್ಕನೆಯ ದಿನ ಅವನು ಮೂರೂವರೆಗೆ ಬಾಗಿಲು ಬಡಿದಾಗ ಎದೆ ಧಸಕ್ ಎನ್ನುವುದು?

ಎರಡು ಭಾಗ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಕಿಂಗ್ ಅವರದೇ ‘ಇಟ್’ ಏನಾಯಿತು ನೋಡಬೇಕು. 1986ರ ಆ ಕಾದಂಬರಿ ಸಾವಿರದ ನೂರು ಪುಟ ಮೀರುತ್ತದೆ. ಏಳು ಜನರ ಬಾಲ್ಯ ಮತ್ತು ಇಪ್ಪತ್ತೇಳು ವರ್ಷದ ನಂತರದ ಬದುಕು ಅದರಲ್ಲಿ ಜಡೆ ಹೆಣೆದಂತೆ ಬರುತ್ತವೆ. ದೊಡ್ಡವರಾದ ಮೇಲೆ ಅವರಿಗೆ ಬಾಲ್ಯ ಮರೆತಿರುತ್ತದೆ, ನೆನಪು ಮರಳಿದ ಹಾಗೆಲ್ಲ ಓದುಗನಿಗೂ ಆಗಲೇ ಗೊತ್ತಾಗುತ್ತದೆ. ಆಂಡಿ ಮುಸ್ಕಿಯೆಟ್ಟಿ ಜಡೆ ಬಿಚ್ಚಿ ಮಕ್ಕಳ ಕಥೆಯನ್ನು 2017ರಲ್ಲಿ 135 ನಿಮಿಷಕ್ಕೆ, ದೊಡ್ಡವರದನ್ನು 2019ರಲ್ಲಿ 169 ನಿಮಿಷಕ್ಕೆ ಮಾಡಿದರು. ಮೊದಲನೆಯದು ಬಿಗಿಯಾಗಿದೆ. ಎರಡನೆಯದು ಸೊರಗಿದ್ದಕ್ಕೆ ಕಾರಣ ಕೋಡಂಗಿ ವೇಷದ ದೆವ್ವವಲ್ಲ, ಉದ್ದವೂ ಅಲ್ಲ: ಪಾತ್ರಗಳು ಏನನ್ನು ಒದ್ದಾಡಿ ನೆನಪಿಸಿಕೊಳ್ಳುತ್ತವೋ ಅದನ್ನು ಪ್ರೇಕ್ಷಕ ಎರಡು ವರ್ಷದ ಹಿಂದೆಯೇ ಟಿಕೆಟ್ ತೆಗೆದುಕೊಂಡು ನೋಡಿಯಾಗಿತ್ತು.

ನಮಗೆ ಇದರ ಮೇಲೆ ಇಂಟರ್ವಲ್ ಎಂಬ ಇನ್ನೊಂದು ತಾಪತ್ರಯ. ಹೊರಗಿನ ಚಿತ್ರಗಳಲ್ಲಿ ಅದು ಇರುವುದಿಲ್ಲ, ನಮ್ಮ ಥಿಯೇಟರುಗಳು ಎಲ್ಲೋ ಒಂದು ಕಡೆ ಕಡಿದು ದೀಪ ಹಾಕುತ್ತವೆ. ಕನ್ನಡ ಚಿತ್ರದಲ್ಲಿ ಅದಕ್ಕೆಂದೇ ಬರೆಯಬೇಕು. ಅರುವತ್ತೈದರಿಂದ ಎಪ್ಪತ್ತೈದನೇ ನಿಮಿಷದೊಳಗೆ ‘ಬ್ಯಾಂಗ್’ ಬೇಕು ಎಂದು ನಿರ್ಮಾಪಕ ಕೇಳುತ್ತಾನೆ, ಸುಲಭಕ್ಕೆ ಸಿಗುವ ಬ್ಯಾಂಗ್ ಎಂದರೆ ದೆವ್ವದ ಮುಖ. ಅಲ್ಲಿಗೆ ಮುಚ್ಚಿಟ್ಟದ್ದು ಖಾಲಿ. ಉಳಿದರ್ಧ ಚಿತ್ರಕ್ಕೆ ಫ್ಲ್ಯಾಶ್‌ಬ್ಯಾಕ್, ಆಮೇಲೆ ಮಂತ್ರವಾದಿ, ಹೋಮ, ಗಾಳಿ, ಕುಂಕುಮ. ಕಾದಂಬರಿ ಯಾವುದೇ ಇರಲಿ, ಎರಡನೇ ಅರ್ಧ ಮಾತ್ರ ಎಲ್ಲವೂ ಒಂದೇ ಆಗುವುದು ಹೀಗೆ.

ಇದಕ್ಕೆ ಮದ್ದು ಇದೆ. ಇಂಟರ್ವಲ್‌ನಲ್ಲಿ ತೋರಿಸಬೇಡಿ, ನಂಬಿದ್ದನ್ನು ತಿರುಗಿಸಿ. ಒಂದು ಗಂಟೆಯಿಂದ ಅಜ್ಜಿಯ ಜೊತೆ ಮಾತಾಡುತ್ತಿದ್ದ ಮಗುವಿಗೆ ಪಕ್ಕದ ಮನೆಯಾಕೆ ‘ಯಾವ ಅಜ್ಜಿ ಪುಟ್ಟಾ?’ ಎಂದು ಕೇಳಿದಲ್ಲಿ ದೀಪ ಹೊತ್ತಲಿ. ಪಾಪ್‌ಕಾರ್ನ್ ಸಾಲಿನಲ್ಲಿ ಜನ ಅದನ್ನೇ ಮಾತಾಡುತ್ತಾರೆ, ಭಯವನ್ನು ಒಳಕ್ಕೆ ವಾಪಸ್ ತರುತ್ತಾರೆ. ಇನ್ನೊಂದು ಸೂಕ್ಷ್ಮ: ಇಂಟರ್ವಲ್ ಮುಗಿದ ಮೊದಲ ಮೂರು ನಾಲ್ಕು ನಿಮಿಷ ಜನ ಸೀಟು ಹುಡುಕುತ್ತಿರುತ್ತಾರೆ, ಕಾಗದದ ಪೊಟ್ಟಣ ಚರಪರ ಎನ್ನುತ್ತಿರುತ್ತದೆ. ಪಿಸುಮಾತು, ಹೆಜ್ಜೆ ಸಪ್ಪಳ ನಂಬಿಕೊಂಡ ದೃಶ್ಯವನ್ನು ಅಲ್ಲಿ ಇಟ್ಟರೆ ಸತ್ತಂತೆ. ಹಗಲಿನ ದೃಶ್ಯ, ಮಾತಿನ ದೃಶ್ಯ ಅಲ್ಲಿರಲಿ.

ಸರ್ಟಿಫಿಕೇಟ್ ವಿಷಯಕ್ಕೂ ಅಭಿಮಾನಿಗಳು ಗಮನ ಕೊಡಬೇಕು. ‘ಎ’ ಸಿಕ್ಕ ಚಿತ್ರವನ್ನು ಹಾಗೆಯೇ ಟೀವಿಯಲ್ಲಿ ಹಾಕುವಂತಿಲ್ಲ, ಅಂದರೆ ಸ್ಯಾಟಲೈಟ್ ಹಕ್ಕಿನ ದುಡ್ಡಿಗೆ ಕತ್ತರಿ. ಅದಕ್ಕೇ ಎಲ್ಲರೂ ಯು/ಎ ಕಡೆಗೆ ಓಡುವುದು. 2023ರ ಕಾನೂನು ತಿದ್ದುಪಡಿಯ ನಂತರ ಯು/ಎ ಒಳಗೇ 7, 13, 16 ವರ್ಷದ ಮೂರು ಮೆಟ್ಟಿಲಾಗಿವೆ. ಹಾರರ್ ಕಾದಂಬರಿಯ ಚಿತ್ರ ಯು/ಎ 16 ಎಂದು ಬಂದರೆ ಗಾಬರಿ ಬೇಡ. ರಕ್ತ ಕಡಿಮೆಯಾದರೂ ಭಯ ಕಡಿಮೆಯಾಗಬೇಕೆಂದಿಲ್ಲ. 7 ಎಂದು ಬಂದರೆ, ಪುಸ್ತಕವನ್ನು ಮನೆಯಲ್ಲೇ ಇನ್ನೊಮ್ಮೆ ಓದಿಕೊಳ್ಳಿ.

ಎಲ್ಲಿ ಚಿತ್ರೀಕರಿಸುತ್ತಾರೆ ಎನ್ನುವುದು ನಮ್ಮ ಭಾಗದವರ ದೊಡ್ಡ ಆಸೆ, ಅಷ್ಟೇ ದೊಡ್ಡ ದಿಗಿಲು. ಹಾರರ್ ಎಂದರೆ ಉದ್ದ ಕಾರಿಡಾರಿನ ಬ್ರಿಟಿಷ್ ಬಂಗಲೆ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದಾರೆ. ಕಾರಿಡಾರಿನ ಭಯ ತಿರುವಿನದು: ಆ ಮೂಲೆಯಾಚೆ ಏನಿದೆ? ತೊಟ್ಟಿಮನೆಯಲ್ಲಿ ಮೂಲೆಯೇ ಬಚ್ಚಿಟ್ಟುಕೊಳ್ಳುವುದಿಲ್ಲ. ನಡುವೆ ಬಯಲು, ಸುತ್ತ ಕಂಬ, ಎಲ್ಲಿ ನಿಂತರೂ ನಾಲ್ಕೂ ಕಡೆ ಕಾಣುತ್ತದೆ, ಬೆಳಕು ಮೇಲಿನಿಂದ ಬಂದು ತೊಟ್ಟಿಯಲ್ಲಿ ನಿಂತು ಸುತ್ತಲಿನ ಪಡಸಾಲೆಯನ್ನು ಇನ್ನಷ್ಟು ಕತ್ತಲು ಮಾಡುತ್ತದೆ. ಇಲ್ಲಿನ ಭಯ ಬೇರೆ: ಎದುರಿನ ಪಡಸಾಲೆಯಲ್ಲಿ ಯಾರೋ ಕೂತಿದ್ದಾರೆ, ಮನೆಯವರೇ ಇರಬೇಕು ಎಂದು ಅರ್ಧ ಗಂಟೆಯಿಂದ ನೋಡುತ್ತಲೇ ಇದ್ದೇವೆ. ಕ್ಯಾಮೆರಾ ಮುನ್ನುಗ್ಗುವುದು ಬೇಡ, ಒಂದೇ ಕಡೆ ನಿಂತು ಅಗಲವಾಗಿ ನೋಡಿದರೆ ಸಾಕು. ಬಂಗಲೆಗೆ ಬರೆದ ಕಾದಂಬರಿಯನ್ನು ತೊಟ್ಟಿಮನೆಗೆ ತರುವುದಾದರೆ ದೃಶ್ಯಗಳನ್ನು ಹೀಗೆ ಬುಡದಿಂದ ಬದಲಿಸಬೇಕು, ಕಂಬಕ್ಕೆ ಜೇಡರಬಲೆ ಅಂಟಿಸಿದರಾಗದು.

ಮಂಡ್ಯ ಕಡೆಯ ಕಬ್ಬಿನ ಗದ್ದೆಯನ್ನು ಇಷ್ಟು ವರ್ಷ ಹಾಡಿಗೂ ಫೈಟಿಗೂ ಬಳಸಿ, ಹೆದರಿಸಲು ಸರಿಯಾಗಿ ಬಳಸದೇ ಇರುವುದು ಅನ್ಯಾಯ. ಬೆಳೆದ ಕಬ್ಬು ಆಳೆತ್ತರ ದಾಟುತ್ತದೆ, ಎರಡು ಸಾಲು ಒಳಗೆ ಹೋದರೆ ದಿಕ್ಕು ತಪ್ಪುತ್ತದೆ, ಗಾಳಿ ಇಲ್ಲದಾಗಲೂ ಒಣರವದಿ ಸರಬರ ಎನ್ನುತ್ತದೆ. ಆದರೆ ಇದರಲ್ಲೊಂದು ತೊಡಕಿದೆ. ಬೆಳೆಗೆ ಹತ್ತು ಹನ್ನೆರಡು ತಿಂಗಳು ಬೇಕು, ಕಟಾವಿಗೆ ಬಂದರೆ ರೈತ ನಿಮ್ಮ ಎರಡನೇ ಶೆಡ್ಯೂಲಿಗೆ ಕಾಯುವುದಿಲ್ಲ. ನಾಲೆ ನೀರಿನ ಬಯಲಲ್ಲಿ ಬೇರೆ ಬೇರೆ ತಿಂಗಳಲ್ಲಿ ನಾಟಿಯಾಗುವುದರಿಂದ ಪಕ್ಕದ ಗದ್ದೆಯಲ್ಲಿ ಕಬ್ಬು ಸಿಗುತ್ತದೆ ನಿಜ, ಎತ್ತರ ಹೊಂದುವುದಿಲ್ಲ. ರಾತ್ರಿಯ ಗದ್ದೆಯ ದೃಶ್ಯಗಳನ್ನೆಲ್ಲ ಒಂದೇ ಪಟ್ಟಿನಲ್ಲಿ ಮುಗಿಸಬೇಕು. ರಾತ್ರಿಯೆಲ್ಲ ಒಲೆ ಉರಿಯುವ ಆಲೆಮನೆ, ಆ ಕೊಪ್ಪರಿಗೆಯ ಆವಿ, ಅದನ್ನು ಯಾರಾದರೂ ಕಾದಂಬರಿಕಾರರು ಮೊದಲು ಬರೆಯಲಿ ಎಂಬ ಆಸೆ ಬೇರೆಯೇ ಇದೆ.

‘ಅಷ್ಟು ಹೊತ್ತಲ್ಲಿ ಅವನು ಯಾಕೆ ಆಚೆ ಹೋದ?’ ಎಂದು ಪ್ರೇಕ್ಷಕ ನಗುವುದು ಹಾರರ್ ಚಿತ್ರಗಳ ಹಳೆಯ ಶಾಪ. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟು ನಡುರಾತ್ರಿ ಬಿಡುವ ಊರಲ್ಲಿ ಇದು ಪ್ರಶ್ನೆಯೇ ಅಲ್ಲ. ಮೋಟರ್ ಹಾಕಲು ಹೋದ. ಟಾರ್ಚು, ಕೋಲು, ಒಬ್ಬನೇ. ಮೂಲ ಕಾದಂಬರಿ ಯಾವ ದೇಶದ್ದಾದರೂ ಇಲ್ಲಿಗೆ ತಂದಾಗ ಇಂಥ ಕಾರಣಗಳನ್ನು ಹುಡುಕಿಕೊಟ್ಟರೆ ಅರ್ಧ ಗೆದ್ದಂತೆ.

ಸದ್ದಿನ ವಿಷಯದಲ್ಲಿ ನಮ್ಮವರು ಮಾಡುವ ಎಡವಟ್ಟು ಒಂದೆರಡಲ್ಲ. ಮದ್ದೂರಿನ ಬಯಲಲ್ಲಿ ನಡೆಯುವ ಕಥೆಗೆ ಅಮೆರಿಕದ ತೋಳ ಊಳಿಡುತ್ತದೆ, ಯಾವುದೋ ದೇಶದ ಗೂಬೆ ಕೂಗುತ್ತದೆ. ಎಲ್ಲ ಸೌಂಡ್ ಲೈಬ್ರರಿಯ ಸರಕು. ತೋಳವೇ ಬೇಕಿದ್ದರೆ ಮೇಲುಕೋಟೆಯ ವನ್ಯಧಾಮವನ್ನು 1974ರಲ್ಲಿ ಮಾಡಿದ್ದೇ ತೋಳಗಳ ರಕ್ಷಣೆಗೆ, ಅಲ್ಲಿಗೆ ಹೋಗಿ ಕಾದು ಕೂರಬಹುದು. ಬೇಡವೆಂದರೆ ಜೀರುಂಡೆ, ಬೀದಿನಾಯಿ, ದೂರದ ಮೋಟರಿನ ಗುಂಯ್ ಸದ್ದು ಸಾಕು. ಆ ಗುಂಯ್ ತಟಕ್ಕನೆ ನಿಂತರೆ ಯಾವ ವಯಲಿನ್ನೂ ಬೇಕಾಗುವುದಿಲ್ಲ. ‘ದಿ ಎಕ್ಸಾರ್ಸಿಸ್ಟ್’ (1973) ಗೆದ್ದದ್ದು ಎರಡೇ ಆಸ್ಕರ್. ಒಂದು ಚಿತ್ರಕಥೆಗೆ, ಬರೆದವರು ಕಾದಂಬರಿಕಾರ ಬ್ಲ್ಯಾಟಿಯೇ, ಇನ್ನೊಂದು ಶಬ್ದಕ್ಕೆ.

ಭಾಷೆಯ ಭಯವೂ ಇದೆ. ಕಾದಂಬರಿಯಲ್ಲಿ ‘ಯಾಕ್ಲಾ ಮಗ, ಅಲ್ಲಿಗ್ ಓಗ್ಬ್ಯಾಡ’ ಎನ್ನುವ ಅಜ್ಜಿ ತೆರೆಯ ಮೇಲೆ ಬೆಂಗಳೂರಿನ ಡಬ್ಬಿಂಗ್ ಕನ್ನಡ ಮಾತಾಡುತ್ತಾಳೆ. ಸತ್ತ ಮೇಲಂತೂ ಎಲ್ಲರೂ ಪೌರಾಣಿಕ ನಾಟಕದ ಕನ್ನಡಕ್ಕೆ ಬಡ್ತಿ ಪಡೆಯುತ್ತಾರೆ. ನಿನ್ನೆ ಮೊನ್ನೆ ನಾಗಮಂಗಲದಲ್ಲಿ ಸತ್ತವಳು ‘ನಿನ್ನ ವಂಶವನ್ನೇ ನಿರ್ನಾಮ ಮಾಡುತ್ತೇನೆ’ ಎಂದು ಯಾಕೆ ಅರಚಬೇಕು?

ಕೊನೆ ಬದಲಿಸುವುದರ ಬಗ್ಗೆ ಜಗಳ ಜೋರು. ಬದಲಿಸುವುದೇ ಮಹಾಪಾಪವೇನಲ್ಲ. ಕಿಂಗ್ ಬರೆದ ‘ದಿ ಮಿಸ್ಟ್’ (1980) ಎಲ್ಲಿಗೋ ಹೊರಟ ಕಾರಿನಲ್ಲಿ, ಸಣ್ಣ ಭರವಸೆಯಲ್ಲಿ ನಿಲ್ಲುತ್ತದೆ. ಫ್ರಾಂಕ್ ಡ್ಯಾರಬಾಂಟ್ 2007ರ ಚಿತ್ರದಲ್ಲಿ ಆ ಭರವಸೆಯನ್ನೇ ಕತ್ತು ಹಿಸುಕಿದರು, ಮೂಲ ಲೇಖಕರೇ ಮೆಚ್ಚಿಕೊಂಡರು. ಮುಚ್ಚಿಟ್ಟದ್ದನ್ನು ಕೊನೆಯ ನಿಮಿಷದವರೆಗೆ ಕಾದಿಟ್ಟುಕೊಂಡೇ ಬದಲಿಸಿದ್ದರಿಂದ ಅದು ದಕ್ಕಿತು. ನಮ್ಮಲ್ಲಿ ಬೇರೆ ರೀತಿಯ ಒತ್ತಡ. ಯಂಡಮೂರಿ ವೀರೇಂದ್ರನಾಥರ ತೆಲುಗು ‘ತುಲಸಿದಳ’ವನ್ನು ಕನ್ನಡದಲ್ಲಿ ಓದಿ ಬೆಳೆದ ತಲೆಮಾರೇ ಇದೆ, 1985ರಲ್ಲಿ ಕನ್ನಡದಲ್ಲಿ ಚಿತ್ರವೂ ಬಂತು. ಮಾಟ ಒಂದು ಕಡೆ, ವೈದ್ಯದ ವಿವರಣೆ ಇನ್ನೊಂದು ಕಡೆ ಎಳೆಯುತ್ತಿರುವುದೇ ಆ ಬಗೆಯ ಕಾದಂಬರಿಯ ಸತ್ವ. ಓದುಗ ಎರಡನ್ನೂ ಕೈಯಲ್ಲಿ ಹಿಡಿದು ನಿದ್ದೆಗೆಡಬಹುದು. ಕ್ಯಾಮೆರಾ ಒಂದು ನೆರಳು ತೋರಿಸಿದರೂ ತೀರ್ಪು ಕೊಟ್ಟಂತೆ. ಹಾಗಾಗಿ ಇಂಥ ಕಥೆಯಲ್ಲಿ ವಿಚಿತ್ರವಾದದ್ದನ್ನು ಪಾತ್ರವೊಂದು ನೋಡುತ್ತಿರುವಾಗ ಮಾತ್ರ ತೋರಿಸಬೇಕು. ಯಾರೂ ಇಲ್ಲದ ಕೋಣೆಯಲ್ಲಿ ತೊಟ್ಟಿಲು ತಾನಾಗಿ ತೂಗಿತೆಂದರೆ ವೈದ್ಯರ ಪಾತ್ರ ಮನೆಗೆ ಹೋಗಬಹುದು.

ತಲಕಾಡಿನ ಅಲಮೇಲಮ್ಮನ ಶಾಪದ ಬಗ್ಗೆ ಕಾದಂಬರಿ, ಚಿತ್ರ ಎಂದು ಆಗಾಗ ಆಸೆಯ ಮಾತು ಕೇಳುತ್ತದೆ. ಮರಳು ತಲೆಮಾರುಗಟ್ಟಲೆ ಊರಿನ ಮೇಲೆ ಏರಿತು ಎಂದು ಪುಸ್ತಕ ಒಂದು ಸಾಲಿನಲ್ಲಿ ಹೇಳಬಲ್ಲದು. ಸಿನಿಮಾದವರು ಒಂದೇ ರಾತ್ರಿಯ ಬಿರುಗಾಳಿ ಎಬ್ಬಿಸುತ್ತಾರೆ. ದಿನಾ ಬೆಳಿಗ್ಗೆ ಹೊಸ್ತಿಲಲ್ಲಿ ಗುಡಿಸಿದಷ್ಟೂ ಒಂದು ಹಿಡಿ ಜಾಸ್ತಿ ಇರುವ ಮರಳು ಎಷ್ಟು ಹೆದರಿಸುತ್ತದೆ ಎಂದು ಅವರಿಗೆ ಹೇಳುವವರು ಬೇಕು.

ಹಕ್ಕಿನ ಮಾತು ಚಿಕ್ಕದಾಗಿ. ಲೇಖಕರು ತೀರಿಕೊಂಡು 60 ವರ್ಷದವರೆಗೆ ಕೃತಿಸ್ವಾಮ್ಯ ಉಳಿಯುತ್ತದೆ. ಮಾರಿದ ಮೇಲೂ ಕೃತಿಯನ್ನು ವಿರೂಪ ಮಾಡಿದರೆ ತಕರಾರೆತ್ತಲು 1957ರ ಕಾಯ್ದೆಯ 57ನೇ ಕಲಂ ಇದೆ. ಹಿಂದಿ ಲೇಖಕಿ ಮನ್ನು ಭಂಡಾರಿ 1986ರಲ್ಲಿ ದಿಲ್ಲಿ ಹೈಕೋರ್ಟಿನಲ್ಲಿ ಅದನ್ನೇ ಹಿಡಿದು ನಿಂತರು. ಟೈಟಲ್ ಕಾರ್ಡಿನಲ್ಲಿ ‘ಕಾದಂಬರಿ ಆಧಾರಿತ’ ಎಂದಿದೆಯೋ ‘ಪ್ರೇರಣೆ’ ಎಂದಿದೆಯೋ ನೋಡಿ. ಎರಡನೆಯದಾದರೆ ನಿರೀಕ್ಷೆ ಇಳಿಸಿಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ಸರಿ ಇದ್ದರೂ ಥಿಯೇಟರ್ ಕೆಡಿಸಬಹುದು. ತೆರೆಯ ಬೆಳಕು 14 ಫುಟ್-ಲ್ಯಾಂಬರ್ಟ್ ಇರಬೇಕೆಂಬುದು ಡಿಜಿಟಲ್ ಸಿನಿಮಾದ ಅಳತೆ. ಪ್ರೊಜೆಕ್ಟರಿನ ಲ್ಯಾಂಪ್ ಹಳೆಯದಾದಂತೆ ಅದು ಇಳಿಯುತ್ತದೆ, ಪ್ರೇಮಕಥೆಯಲ್ಲಿ ಗೊತ್ತಾಗುವುದಿಲ್ಲ, ಕತ್ತಲ ದೃಶ್ಯದಲ್ಲಿ ಬರೀ ಬೂದಿ ಕಾಣುತ್ತದೆ. ಸೌಂಡ್ ಪ್ರೊಸೆಸರಿನ ಫೇಡರ್, ಅಂದರೆ ಸದ್ದು ಏರಿಳಿಸುವ ಗುಂಡಿ, 7ರಲ್ಲಿರುತ್ತದೆಂದು ನಂಬಿಯೇ ಮಿಕ್ಸಿಂಗ್ ಮಾಡಿರುತ್ತಾರೆ. ಕಿವಿ ಹೋಯಿತೆಂಬ ದೂರಿಗೆ ಅದನ್ನು 5ರ ಹತ್ತಿರ ಇಳಿಸಿದರೆ ಅರಚಾಟ ಹಿತವಾಗುತ್ತದೆ, ಪಿಸುಮಾತು ಸತ್ತೇ ಹೋಗುತ್ತದೆ. ಮೊದಲ ದಿನದ ಮೊದಲ ಷೋ ಹಾರರ್‌ಗಲ್ಲ, ಶಿಳ್ಳೆಗೆ. ವಾರದ ನಡುವಿನ ರಾತ್ರಿ ಷೋಗೆ ಹೋಗಿ, ತೆರೆಯಿಂದ ಮೂರನೇ ಎರಡು ಭಾಗ ಹಿಂದೆ, ನಡುಸಾಲಲ್ಲಿ ಕೂರಿ. ಮನೆಯಲ್ಲಿ ನೋಡುವವರು ಟೀವಿಯನ್ನು ಸಿನಿಮಾ ಮೋಡ್‌ಗೆ ಹಾಕಿ, ಚಲನೆ ನುಣುಪು ಮಾಡುವ ಆಯ್ಕೆಯನ್ನು ಆಫ್ ಮಾಡಿ, ಲೈಟ್ ಆರಿಸಿ.

ಪುಸ್ತಕ ಮೊದಲೋ ಚಿತ್ರ ಮೊದಲೋ ಎಂಬುದಕ್ಕೆ ಆ ಪೆನ್ಸಿಲ್ ಗುರುತುಗಳೇ ಉತ್ತರ. ‘ಒ’ ತುಂಬಿದ ಕಾದಂಬರಿಯಾದರೆ ಮೊದಲೇ ಓದಿ, ಚಿತ್ರ ಅದನ್ನು ಕೆಡಿಸಲಾರದು. ಗುಟ್ಟೊಂದರ ಮೇಲೆಯೇ ನಿಂತ ಕಾದಂಬರಿ, ಇನ್ನೂ ಓದಿಲ್ಲ ಎಂದಾದರೆ ಟ್ರೇಲರ್ ನೋಡದೆ ನೇರ ಥಿಯೇಟರಿಗೆ ಹೋಗಿ. ಮುಗಿದ ಮೇಲೆ ಹೊರಗೆ ನಿಂತು ಪಾತ್ರವಾರು ಕಥೆ ಹೇಳಬೇಡಿ, ಮುಂದಿನ ಷೋದವರು ಕ್ಯೂನಲ್ಲಿರುತ್ತಾರೆ.